ಹದಿನೈದು ಗುಲಗಂಜಿಯ ಭಾರ

ಗುಲಗಂಜಿಯನ್ನು ಅರಿಯದವರಿಲ್ಲ. ಕೆಂಪು ಮೈ, ಕಪ್ಪು ಮೂಗು. ಅಕ್ಕಸಾಲಿಗರ ತಕ್ಕಡಿಯಲ್ಲಿ ಶತಮಾನಗಳ ಕಾಲ ಚಿನ್ನಕ್ಕೆ ಎದುರಾಗಿ ಕುಳಿತ ಬೀಜವದು. ಒಂದು ಗುಲಗಂಜಿಯ ತೂಕ ಸುಮಾರು 0.12 ಗ್ರಾಂ. ಅಂಥ ಹದಿನೈದನ್ನು ಅಂಗೈಯಲ್ಲಿಟ್ಟುಕೊಂಡರೆ ಭಾರವಿದೆಯೋ ಇಲ್ಲವೋ ಎಂದು ಅಂಗೈಗೇ ಸಂದೇಹವಾದೀತು. ಆದರೆ ಇಷ್ಟೇ ಭಾರವನ್ನು, ಎಂದರೆ 1.8 ಗ್ರಾಮನ್ನು, ಕೂದಲಿಗಿಂತಲೂ ಸಣ್ಣದಾದ ಒಂದು ವಜ್ರದ ಮೊನೆಯ ಮೇಲೆ ಹೇರಿ ಅದನ್ನು ಗ್ರಾಮಫೋನ್ ತಟ್ಟೆಯ ಗೆರೆಯೊಳಗೆ ಇಳಿಸಿದಾಗ ಮಾತ್ರ ಸಂಗತಿ ಬೇರೆಯಾಗುತ್ತದೆ. ಭಾರ ಸರಿಯಾಗಿದ್ದರೆ ಹಾಡು. ತಪ್ಪಿದ್ದರೆ ತಟ್ಟೆಗೆ ಗಾಯ. ಆ ಗಾಯ ಮಾಯುವಂಥದಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಸತ್ತೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ರಿಕಾರ್ಡು ಮರಳಿ ಬಂದಿದೆ. 2022ರಲ್ಲಿ ಅಮೆರಿಕದಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯ ರಿಕಾರ್ಡುಗಳು ಮಾರಾಟವಾದುವು. 1987ರ ಬಳಿಕ ಹಾಗಾದದ್ದು ಅದೇ ಮೊದಲು. ನಮ್ಮ ಊರುಗಳಲ್ಲಿಯೂ ಮಗನೋ ಮಗಳೋ ಹೊಸದೊಂದು ಟರ್ನ್‌ಟೇಬಲ್ಲನ್ನು ಮನೆಗೆ ತರುತ್ತಾರೆ; ಅಜ್ಜನ ಕಾಲದ ತಟ್ಟೆಗಳು ಅಟ್ಟದಿಂದ ಇಳಿಯುತ್ತವೆ; ಮನೆಮಂದಿಯೆಲ್ಲ ಸುತ್ತ ಕುಳಿತುಕೊಳ್ಳುತ್ತಾರೆ. ಅಲ್ಲಿಯವರೆಗೆ ಎಲ್ಲವೂ ಸೊಗಸೇ. ಆದರೆ ಆ ಯಂತ್ರದ ತೋಳಿನ ತುದಿಯಲ್ಲಿ, ಹೆಬ್ಬೆಟ್ಟಿನ ಉಗುರಿನಷ್ಟು ಗಾತ್ರದ ಕಾರ್ಟ್ರಿಜ್ ಎಂಬ ವಸ್ತುವಿದೆಯಷ್ಟೆ. ಅದನ್ನು ಸರಿಯಾಗಿ ಕೂರಿಸುವವರು ಯಾರು? ಪೆಟ್ಟಿಗೆಯೊಳಗಿನ ಕೈಪಿಡಿ ಅರ್ಧ ಪುಟದಲ್ಲಿ ಕೈತೊಳೆದುಕೊಳ್ಳುತ್ತದೆ. ಹಿಂದೆ ಈ ಕೆಲಸ ಬಲ್ಲ ಅಂಗಡಿಯವರಿದ್ದರು; ಅವರಲ್ಲಿ ಬಹುಮಂದಿ ಬಾಗಿಲು ಮುಚ್ಚಿ ಎಷ್ಟೋ ಕಾಲವಾಯಿತು.

ಕಳೆದುಕೊಳ್ಳುವುದೇನೆಂದು ಮೊದಲು ತಿಳಿದರೆ ಜಾಗ್ರತೆ ತಾನಾಗಿ ಬರುತ್ತದೆ. ಗಂಗೂಬಾಯಿ ಹಾನಗಲ್ ಅವರ ಗಂಭೀರವಾದ, ಗಂಡುದನಿಯನ್ನೂ ನಾಚಿಸುವ ಕಂಠವನ್ನು ನಾವು ಬಲ್ಲೆವು. 1930ರ ದಶಕದಲ್ಲಿ ಅವರು ಇನ್ನೂ ಎಳೆಯ ವಯಸ್ಸಿನಲ್ಲಿ, ಗಾಂಧಾರಿ ಎಂಬ ಹೆಸರಿನಿಂದ ಎಚ್.ಎಂ.ವಿ. ತಟ್ಟೆಗಳಿಗೆ ಹಾಡಿದ್ದರು. ಆಗಿನ ದನಿ ತೆಳುವಾದದ್ದು, ಮೇಲುಸ್ಥಾಯಿಯದು. ಗಂಟಲಿನ ಚಿಕಿತ್ಸೆಯ ತರುವಾಯ ಕಂಠ ಗಡುಸಾಯಿತು. ಆ ಮೊದಲ ದನಿ ಮತ್ತೆ ಹುಟ್ಟಲಿಲ್ಲ. ಅದು ಇಂದು ಎಲ್ಲಾದರೂ ಇದ್ದರೆ ಆ ಮೂರು ನಿಮಿಷದ ತಟ್ಟೆಗಳ ಗೆರೆಗಳಲ್ಲಿ ಇದೆ. ಅಂಥ ತಟ್ಟೆಯೊಂದು ಹುಬ್ಬಳ್ಳಿಯದೋ ಧಾರವಾಡದ್ದೋ ಯಾವುದೋ ಮನೆಯ ಅಟ್ಟದ ಮೇಲಿದ್ದು, ಅದರ ಮೇಲೆ ಒಂದು ಸಂಜೆ ತಪ್ಪು ಮುಳ್ಳು ಓಡಿದರೆ ಹೋದದ್ದು ಹೋದಂತೆಯೇ.

ಮುಳ್ಳಿನ ಮಾತಿನಲ್ಲಿಯೇ ಮೊದಲ ಎಡವಟ್ಟು. 78 ಸುತ್ತಿನ ಹಳೆಯ ತಟ್ಟೆ ಅರಗಿನದು. ಅರಗಿನೊಡನೆ ಕಲ್ಲುಪುಡಿಯನ್ನು ಬೇಕೆಂದೇ ಬೆರೆಸುತ್ತಿದ್ದರು. ಏಕೆಂದರೆ ಉಕ್ಕಿನ ಮುಳ್ಳು ಆ ಪುಡಿಗೆ ಉಜ್ಜಿ, ಮೊದಲ ಕೆಲವು ಸುತ್ತುಗಳಲ್ಲಿಯೇ ಸವೆದು, ಗೆರೆಯ ಆಕಾರಕ್ಕೆ ತಾನೇ ಹೊಂದಿಕೊಳ್ಳಬೇಕು. ತಟ್ಟೆ ಮುಳ್ಳನ್ನು ತಿದ್ದುತ್ತಿತ್ತು ಎನ್ನಬಹುದು. ಆದಕಾರಣವೇ ಪ್ರತಿ ಬಾರಿಗೂ ಹೊಸ ಮುಳ್ಳು ಹಾಕಬೇಕಾಗಿದ್ದುದು. 1940ರ ದಶಕದ ಕೊನೆಯಲ್ಲಿ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು, ವಯಸ್ಸಾಗಿ ಮೂಲೆಗುಂಪಾಗಿದ್ದ ರಷ್ಯದ ಸಂಗೀತಕಾರ ಮೆಟ್ನರನ ಕೃತಿಗಳನ್ನು ಅವನಿಂದಲೇ ನುಡಿಸಿ ಇಂಗ್ಲೆಂಡಿನಲ್ಲಿ ಧ್ವನಿಮುದ್ರಣ ಮಾಡಿಸಲು ಧನಸಹಾಯ ಮಾಡಿದರು. ಅವೂ ಅರಗಿನ ತಟ್ಟೆಗಳೇ. (ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾಂಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾನೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತಾರೋ!)

1948ರಲ್ಲಿ ಕೊಲಂಬಿಯ ಕಂಪನಿ 33⅓ ಸುತ್ತಿನ ಲಾಂಗ್ ಪ್ಲೇ ತಟ್ಟೆಯನ್ನು ತಂದಾಗ ಈ ಸಂಬಂಧ ತಲೆಕೆಳಗಾಯಿತು. ಹೊಸ ತಟ್ಟೆ ವಿನೈಲಿನದು, ಮೃದು; ಹೊಸ ಮುಳ್ಳು ನೀಲ, ಅನಂತರ ವಜ್ರ. ಈಗ ಸವೆಯುವ ಸರದಿ ತಟ್ಟೆಯದು. ಗೆರೆಯೂ ಕಿರಿದಾಯಿತು. 78ರ ಮುಳ್ಳಿನ ಮೊನೆಯ ತ್ರಿಜ್ಯ ಸುಮಾರು 75 ಮೈಕ್ರಾನ್. ಹಳೆಯ ಏಕಧ್ವನಿ ಎಲ್.ಪಿ.ಗೆ 25, 1958ರಲ್ಲಿ ಸ್ಟೀರಿಯೋ ಬಂದ ಮೇಲೆ 18. ಎಲ್.ಪಿ.ಯ ಮೊನೆಯನ್ನು 78ರ ಮೇಲೆ ಇಟ್ಟರೆ ಅದು ಗೆರೆಯ ಗೋಡೆಗಳನ್ನು ಮುಟ್ಟದೆ ತಳದ ಕೊಳೆಯಲ್ಲಿ ಹೊರಳುತ್ತದೆ. 78ರ ಮೊನೆಯನ್ನು ಎಲ್.ಪಿ.ಯ ಮೇಲೆ ಇಟ್ಟರಂತೂ ಉತ್ತ ಹೊಲವೇ ಸರಿ. ಅಂದಿನ ಮನೆಬಳಕೆಯ ಅನೇಕ ಪ್ಲೇಯರುಗಳಲ್ಲಿ ಒಂದು ಸಣ್ಣ ಸನ್ನೆಯನ್ನು ತಿರುಗಿಸಿ ಎರಡು ಮೊನೆಗಳಲ್ಲಿ ಬೇಕಾದುದನ್ನು ಕೆಳಗೆ ಮಾಡುವ ಏರ್ಪಾಡಿತ್ತು. ಇಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದೇ ಮೊನೆ, ಎಲ್.ಪಿ.ಗೆ ತಕ್ಕುದು. ಆದುದರಿಂದ ಅಜ್ಜನ 78ಗಳನ್ನು ಅದರ ಮೇಲೆ ಏರಿಸುವ ಮುನ್ನ ಬೇರೆ ಮೊನೆಯನ್ನು ತರಿಸತಕ್ಕದ್ದು. ಸುತ್ತಿನ ವೇಗ ಒದಗಿದ ಮಾತ್ರಕ್ಕೆ ಮುಳ್ಳು ಒದಗಿತೆಂದು ಭಾವಿಸಕೂಡದು.

ಹಳೆಯ ಪ್ಲೇಯರನ್ನೇ ಉಳಿಸಿಕೊಂಡವರಿಗೆ ಇನ್ನೊಂದು ಮಾತು. ಅವುಗಳಲ್ಲಿ ಕೆಲವಕ್ಕೆ ರೋಷೆಲ್ ಲವಣದ ಹರಳಿನ ಕಾರ್ಟ್ರಿಜ್ ಇರುತ್ತಿತ್ತು. ಲವಣವೆಂದ ಮೇಲೆ ಹೇಳುವುದೇನು? ಮಂಗಳೂರು, ಉಡುಪಿ, ಕಾರವಾರಗಳ ಮಳೆಗಾಲದ ತೇವಕ್ಕೆ ಅದು ಉಪ್ಪಿನ ಭರಣಿಯ ಉಪ್ಪಿನಂತೆಯೇ ನಡೆದುಕೊಳ್ಳುತ್ತದೆ. ದನಿ ಕುಗ್ಗಿದರೆ ಯಂತ್ರದ ಹೊಟ್ಟೆಯನ್ನು ಬಗೆಯುವ ಮೊದಲು ಅದರ ಮೂಗನ್ನು ನೋಡುವುದು ಮೇಲು.

ನೇರ ದಾರಿ, ಬಾಗಿದ ತೋಳು

ಕಾರ್ಟ್ರಿಜ್ಜನ್ನು ಎರಡು ತಿರುಪುಗಳಿಂದ ತೋಳಿನ ತುದಿಗೆ ಬಿಗಿಯುತ್ತಾರೆ. ತಿರುಪುಗಳ ನಡುವಣ ಅಂತರ ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರು, ಇದು ಬಹುತೇಕ ಎಲ್ಲ ತಯಾರಕರಿಗೂ ಸಮಾನ. ತಿರುಪಿನ ತೂತುಗಳು ಉದ್ದನೆಯ ಸೀಳಿನಂತಿರುವುದರಿಂದ ಕಾರ್ಟ್ರಿಜ್ಜನ್ನು ಹಿಂದೆ ಮುಂದೆ ಸರಿಸಬಹುದು, ಸ್ವಲ್ಪ ಓರೆಯಾಗಿಯೂ ತಿರುಗಿಸಬಹುದು. ಸಮಸ್ಯೆ ಇರುವುದೇ ಇಲ್ಲಿ: ಎಷ್ಟು ಸರಿಸಬೇಕು?

ತಟ್ಟೆಯ ಮೂಲವನ್ನು ಕೊರೆಯುವ ಯಂತ್ರದಲ್ಲಿ ಕೊರೆಮೊನೆ ಅಂಚಿನಿಂದ ನಡುವಿನ ಕಡೆಗೆ ನೇರವಾದ ಗೆರೆಯಲ್ಲಿ ಸಾಗುತ್ತದೆ. ನಮ್ಮ ಪ್ಲೇಯರಿನ ತೋಳಾದರೋ ಬಾಗಿಲಿನಂತೆ ಒಂದು ತಿರುಗಣಿಯ ಮೇಲೆ ತಿರುಗುತ್ತದೆ. ಅದರ ತುದಿ ಕಂಸವನ್ನು ಬರೆಯುತ್ತದೆ. ನೇರ ನಡೆದವನ ಹೆಜ್ಜೆಯ ಮೇಲೆ ಸುತ್ತಿ ನಡೆಯುವವನು ಹೆಜ್ಜೆಯಿಡುವುದು ಹೇಗೆ? ಪೂರ್ತಿಯಾಗಿ ಸಾಧ್ಯವೇ ಇಲ್ಲ. ತೋಳಿನ ತುದಿಯನ್ನು ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಒಳಕ್ಕೆ ಬಾಗಿಸಿ, ಮೊನೆ ನಡುಗೂಟವನ್ನು ಸುಮಾರು ಒಂದೂವರೆ ಸೆಂಟಿಮೀಟರು ದಾಟಿ ನಿಲ್ಲುವಂತೆ ಮಾಡಿದರೆ ತಪ್ಪು ಎರಡು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ತಟ್ಟೆಯ ಮೇಲೆ ಎರಡೇ ಎರಡು ಸ್ಥಾನಗಳಲ್ಲಿ ತಪ್ಪು ಸೊನ್ನೆಯಾಗುತ್ತದೆ.

ಈ ಗಣಿತಕ್ಕೆ ಒಳ್ಳೆಯ ಚರಿತ್ರೆಯಿದೆ. ಕಾದಂಬರಿಕಾರ ಕಾಂಪ್ಟನ್ ಮೆಕೆನ್‌ಜಿ 1923ರಲ್ಲಿ ಆರಂಭಿಸಿದ 'ದಿ ಗ್ರಾಮಫೋನ್' ಪತ್ರಿಕೆಯಲ್ಲಿ 1924ರಲ್ಲಿ ಪರ್ಸಿ ವಿಲ್ಸನ್ ಎಂಬವರು ಇದನ್ನು ಮೊದಲು ಕ್ರಮವಾಗಿ ವಿವೇಚಿಸಿದರು. ಸ್ವೀಡನ್ನಿನ ಎರಿಕ್ ಲಾಫ್‌ಗ್ರೆನ್ 1938ರಲ್ಲಿ ಮುಂದಿನ ಹೆಜ್ಜೆಯಿಟ್ಟರು. ತಟ್ಟೆಯ ಹೊರ ಅಂಚಿನಲ್ಲಿ ಗೆರೆ ಮೊನೆಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರು ಓಡಿದರೆ, ಒಳ ಅಂಚಿನಲ್ಲಿ 21 ಮಾತ್ರ. ಒಂದೇ ಸೆಕೆಂಡಿನ ಹಾಡು ಒಳಗಡೆ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿ ಕುಳಿತಿದೆ. ಆದ್ದರಿಂದ ಅಷ್ಟೇ ಡಿಗ್ರಿಯ ತಪ್ಪು ಅಲ್ಲಿ ಹೆಚ್ಚು ಕೆಡುಕು ಮಾಡುತ್ತದೆ. ಕೋನವೊಂದನ್ನೇ ಅಳೆದರೆ ಸಾಲದು, ಅದನ್ನು ತ್ರಿಜ್ಯದೊಡನೆ ತೂಗಿ ನೋಡಬೇಕೆಂದು ಲಾಫ್‌ಗ್ರೆನ್ ತೋರಿಸಿಕೊಟ್ಟರು. 1941ರಲ್ಲಿ ಬೇರ್ವಾಲ್ಡ್ ಅದೇ ನೆಲೆಗೆ ಇನ್ನೊಂದು ದಾರಿಯಿಂದ ಬಂದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಎರಡು ಸೊನ್ನೆಸ್ಥಾನಗಳು ಅವರ ಲೆಕ್ಕದವೇ: ನಡುವಿನಿಂದ 66 ಮಿಲಿಮೀಟರು, ಮತ್ತು 120.9 ಮಿಲಿಮೀಟರು. 1966ರಲ್ಲಿ ಸ್ಟೀವನ್‌ಸನ್ ಎಂಬವರು ಬೇರೊಂದು ಲೆಕ್ಕ ಕೊಟ್ಟು ಒಳ ಅಂಚಿಗೆ ಇನ್ನಷ್ಟು ಒತ್ತು ಕೊಟ್ಟರು. ಯಾವುದು ಮೇಲೆಂದು ಹವ್ಯಾಸಿಗಳು ದ್ವೈತಾದ್ವೈತಿಗಳಂತೆ ವಾದಿಸುತ್ತಾರೆ. ನಮ್ಮ ನಿಮ್ಮಂಥವರಿಗೆ ಯಾವುದಾದರೊಂದನ್ನು ನೆಟ್ಟಗೆ ಅನುಸರಿಸುವುದೇ ಸಾಕು.

ನಮ್ಮ ಸಂಗೀತದ ಮಟ್ಟಿಗೆ ಈ ಒಳ ಅಂಚು ಬಹು ಮುಖ್ಯವಾದದ್ದು. ಎಲ್.ಪಿ.ಯ ಒಂದು ಪಕ್ಕ ಪೂರ್ತಿ ಒಂದೇ ರಾಗವಿದೆಯೆನ್ನಿ. ವಿಲಂಬಿತದ ಆಲಾಪ ಹೊರಗಿನ ವಿಶಾಲವಾದ ಗೆರೆಗಳಲ್ಲಿ ಆರಾಮವಾಗಿ ಹರಡಿಕೊಳ್ಳುತ್ತದೆ. ತಾನುಗಳು, ದ್ರುತ್, ತರಾನ, ಸಿತಾರಾದರೆ ಝಾಲಾ, ಎಲ್ಲವೂ ಬರುವುದು ಕೊನೆಗೆ. ಎಂದರೆ ಜಾಗ ಅತ್ಯಂತ ಇಕ್ಕಟ್ಟಾದ ಕಡೆ, ಗತಿ ಅತ್ಯಂತ ತೀವ್ರವಾದಾಗ. ಸಾಹಿತ್ಯದ ಭಾಷೆಯಲ್ಲಿ ಹೇಳುವುದಾದರೆ ಕಾವ್ಯದ ಸಂಧಿಯೇ ಕಾಗದದ ಮಡಿಕೆಯಲ್ಲಿ ಬಿದ್ದಂತೆ. "ಮೊದಲು ಚೆನ್ನಾಗಿತ್ತು, ಕೊನೆಯಲ್ಲಿ ದನಿ ಒಡೆಯಿತು" ಎಂದು ಗಾಯಕರನ್ನು ದೂರುವವರನ್ನು ಕಂಡಿದ್ದೇನೆ. ಒಡೆದದ್ದು ಗಾಯಕರ ದನಿಯಲ್ಲ.

ಸಲಕರಣೆ

ಇದಕ್ಕೆ ಬೇಕಾಗುವ ಸಾಮಾನು ಒಂದು ಊಟದ ತಟ್ಟೆಯಲ್ಲಿ ಹಿಡಿಸುತ್ತದೆ. ಗಡಿಯಾರ ರಿಪೇರಿಯವರು ಬಳಸುವ ಸಣ್ಣ ತಿರುಪುಳಿ, ಚೂಪು ಮೂಗಿನ ಇಕ್ಕಳ ಅಥವಾ ಚಿಮಟ, ಭೂತಗನ್ನಡಿ, ಒಂದು ಟಾರ್ಚು, ಗಾರೆಯವರಲ್ಲಿ ಇರುವ ರಸಮಟ್ಟದ ಪುಟ್ಟ ಜಾತಿ, ತೂಕಮಾಪಕ, ಮತ್ತು ಕೋನಮಾಪಕದ ಹಾಳೆ. ಮೊದಲು ರಸಮಟ್ಟದಿಂದ ಯಂತ್ರವನ್ನು ಸಮತಟ್ಟಾಗಿ ನಿಲ್ಲಿಸಬೇಕು. ವಾಲಿದ ಮೇಜಿನ ಮೇಲೆ ಮಾಡಿದ ಉಳಿದೆಲ್ಲ ಅಳತೆಯೂ ವ್ಯರ್ಥ.

ಕೋನಮಾಪಕವೆಂದರೆ ನಡುಗೂಟಕ್ಕೆ ತೂತಿದ್ದು, ಮೇಲೆ ಹೇಳಿದ ಎರಡು ಸ್ಥಾನಗಳಲ್ಲಿ ಸಣ್ಣ ಗೆರೆಬಲೆಗಳಿರುವ ಹಾಳೆ. ದಪ್ಪ ಕಾಗದದ್ದು ನಡೆಯುತ್ತದೆ. ಕನ್ನಡಿಯ ಮೇಲೆ ಅಚ್ಚಾದದ್ದು ಇನ್ನೂ ಮೇಲು. ಕಂಪ್ಯೂಟರಿನಿಂದ ಅಚ್ಚು ಹಾಕಿಕೊಳ್ಳುವವರು ಅಡಿಪಟ್ಟಿಯಿಟ್ಟು ಒಮ್ಮೆ ಅಳೆದುಕೊಳ್ಳಿ. ಅಚ್ಚಿನ ಯಂತ್ರ ಹಾಳೆಗೆ ಹೊಂದಿಸುವ ನೆಪದಲ್ಲಿ ಚಿತ್ರವನ್ನು ಕುಗ್ಗಿಸಿಬಿಡುತ್ತದೆ, 66 ಇದ್ದದ್ದು 63 ಆಗಿರುತ್ತದೆ.

ಕಾರ್ಟ್ರಿಜ್ಜಿನ ಬೆನ್ನಿನ ನಾಲ್ಕು ಕಡ್ಡಿಗಳಿಗೆ ನಾಲ್ಕು ಬಣ್ಣದ ತಂತಿ: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಹಿಡಿಯುವುದು ತುದಿಯ ಲೋಹದ ಕೊಳವೆಯನ್ನು, ತಂತಿಯನ್ನಲ್ಲ; ತಂತಿ ಕೂದಲಿನಂತೆ ಕಿತ್ತುಬರುತ್ತದೆ. ಕಡ್ಡಿಗಳಿಗೆ ಬೆಸುಗೆಯ ಕಾವು ತಾಗಕೂಡದು. ತಿರುಪುಗಳನ್ನು ಜಾರುವಷ್ಟು ಸಡಿಲವಾಗಿಟ್ಟು, ಆಮೇಲೆ ಮುಂದೆ ಹೇಳುವ ರೀತಿಯಲ್ಲಿ ಭಾರವನ್ನು ಅಂದಾಜಿಗೆ ಹೊಂದಿಸಿ, ತಿರುಗುವ ಪೀಠ ಅಲುಗದಂತೆ ನಿಲ್ಲಿಸಿ, ಮೊನೆಯನ್ನು ಒಳಗಿನ ಬಲೆಯ ಚುಕ್ಕೆಯ ಮೇಲೆ ಇಳಿಸಬೇಕು. ಎದುರಿನಿಂದ ನೋಡಿದಾಗ ಕಾರ್ಟ್ರಿಜ್ಜಿನ ಪಕ್ಕಗಳು ಬಲೆಯ ಗೆರೆಗಳಿಗೆ ಸಮಾಂತರವಾಗಿರಬೇಕು. ಇನ್ನೂ ಸೂಕ್ಷ್ಮವಾಗಿ ನೋಡಬಲ್ಲವರು ಪೆಟ್ಟಿಗೆಯನ್ನು ಬಿಟ್ಟು ಮೊನೆಯನ್ನು ಹೊತ್ತ ಸಣ್ಣ ಕಡ್ಡಿಯನ್ನೇ ನೋಡಲಿ, ಪೆಟ್ಟಿಗೆಗೂ ಕಡ್ಡಿಗೂ ಯಾವಾಗಲೂ ಹೊಂದಿಕೆಯಿರುವುದಿಲ್ಲ. ಅನಂತರ ಹೊರಗಿನ ಬಲೆ. ಒಂದರಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಓರೆಯಾದರೆ ಕಾರ್ಟ್ರಿಜ್ಜನ್ನು ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ಸರಿಸಿ ಮತ್ತೆ ಮೊದಲಿನಿಂದ. ಎರಡೂ ಕಡೆ ಒಪ್ಪುವವರೆಗೆ ಇದೇ ಕೆಲಸ. ಮೊದಲ ಸಲ ಒಂದು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಮಕ್ಕಳು ಮಲಗಿದ ಮೇಲೆ ಮಾಡುವ ಕೆಲಸವಿದು.

ತೂಕ

ಇನ್ನು ಆರಂಭದ ಗುಲಗಂಜಿಗೆ ಬರೋಣ. ತೋಳಿನ ಹಿಂಬದಿಯ ಗುಂಡನ್ನು ತಿರುಗಿಸಿ, ತೋಳು ತಕ್ಕಡಿಯ ದಂಡದಂತೆ ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ತೇಲುವಂತೆ ಮಾಡಬೇಕು. ಆಗ ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತಂದು, ಬಳಿಕ ಗುಂಡು ಬಳೆ ಎರಡನ್ನೂ ಕೂಡಿ ತಿರುಗಿಸಿದರೆ ಬೇಕಾದ ಗ್ರಾಂ ಸಿಕ್ಕುತ್ತದೆ. ಬಳೆಯ ಅಂಕಿಯನ್ನು ಪೂರಾ ನಂಬದೆ ಮಾಪಕದಿಂದ ತೂಗಿ ನೋಡುವುದು ಒಳ್ಳೆಯದು. ಅಮೆರಿಕದ ಷೂರ್ ಕಂಪನಿಯ ಎಸ್.ಎಫ್.ಜಿ.-2 ಎಂಬ ಮಾಪಕ ಹವ್ಯಾಸಿಗಳಲ್ಲಿ ಪ್ರಸಿದ್ಧ. ಅದು ಮಕ್ಕಳ ಏತದಾಟದ ಹಲಗೆಯಂಥದು, ವಿದ್ಯುತ್ತಿನ ಹಂಗಿಲ್ಲ. 2018ರಲ್ಲಿ ಆ ಕಂಪನಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಅಂಕಿ ತೋರಿಸುವ ವಿದ್ಯುನ್ಮಾನ ಮಾಪಕಗಳು ಈಗ ಸುಲಭವಾಗಿ ದೊರೆಯುತ್ತವೆ. ಅಳೆಯುವಾಗ ಮೊನೆ ತಟ್ಟೆಯ ಎತ್ತರದಲ್ಲಿಯೇ ಇರುವಂತೆ ನೋಡಿಕೊಂಡರೆ ಸರಿ.

ಎಷ್ಟು ಭಾರ? ಇಲ್ಲಿ ಲೋಕಾಭಿಪ್ರಾಯಕ್ಕೂ ಸತ್ಯಕ್ಕೂ ವಿರೋಧವಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಬಳಿ ಬಹುಕಾಲ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ನನಗೆ ಹೇಳಿದ್ದು ಹೀಗೆ: "ನೋಡಿ ಮೇಷ್ಟ್ರೇ, ಭಾರ ಕಡಿಮೆಯಾದ್ರೆ ತಟ್ಟೆ ಉಳಿಯುತ್ತೆ ಅಂತ ಎಲ್ರೂ ತಿಳ್ಕೊಂಡಿದಾರೆ. ಗಾಡಿ ಹಗುರವಾಗಿದ್ರೆ ಹಳ್ಳದ ರಸ್ತೇಲಿ ಏನಾಗುತ್ತೆ? ಎಗರುತ್ತೆ. ಎಗರಿದ್ದು ಎಲ್ಲಿ ಬೀಳುತ್ತೆ? ಗೋಡೆ ಮೇಲೆ." ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು. ಗೆರೆಯ ಅಂಕುಡೊಂಕುಗಳನ್ನು ಹಗುರವಾದ ಮೊನೆ ಹಿಡಿದು ಸಾಗಲಾರದು. ಒಂದು ಕ್ಷಣ ಗೋಡೆಯನ್ನು ಬಿಟ್ಟು ಹಾರಿ ಮರುಕ್ಷಣ ಬಡಿಯುತ್ತದೆ. ವಜ್ರ ಬಡಿದ ವಿನೈಲು ಚಕ್ಕೆಯೇಳುತ್ತದೆ. ಆದುದರಿಂದ ತಯಾರಕರು 1.6ರಿಂದ 2 ಗ್ರಾಂ ಎಂದಿದ್ದರೆ 1.6ಕ್ಕೆ ಆಸೆಪಡುವುದು ಜಾಣತನವಲ್ಲ, ನಡುವಿನಿಂದ ಮೇಲಕ್ಕಿರಲಿ.

ಹಾಗೆಂದು ಎದುರು ಬದಿಗೆ ವಾಲುವುದೂ ಸಲ್ಲ. ಮುಳ್ಳು ಜಾರಿದಾಗಲೆಲ್ಲ ಅದರ ತಲೆಯ ಮೇಲೆ ನಾಲ್ಕಾಣೆ ಇಡುವುದು ನಮ್ಮ ಎಷ್ಟೋ ಮನೆಗಳ ಪದ್ಧತಿಯಾಗಿತ್ತು. 1957ರಲ್ಲಿ ಬಂದ ಇಪ್ಪತ್ತೈದು ನಯೇಪೈಸೆಯ ನಿಕ್ಕಲ್ ನಾಣ್ಯದ ತೂಕ 2.5 ಗ್ರಾಂ. ಐದಾರು ಗ್ರಾಮಿನ ಭಾರ ಹೊರುತ್ತಿದ್ದ ಹಳೆಯ ಪ್ಲೇಯರಿಗೆ ಅದು ಅರ್ಧದಷ್ಟು ಹೆಚ್ಚುವರಿ, ಇಂದಿನ 1.8 ಗ್ರಾಮಿನ ಕಾರ್ಟ್ರಿಜ್ಜಿಗೆ ಎರಡೂಕಾಲು ಪಟ್ಟಿಗೂ ಮಿಗಿಲು. ಮೊನೆಯನ್ನು ಹೊತ್ತ ಕಡ್ಡಿ ನೆಲಕಚ್ಚುತ್ತದೆ. ಇಪ್ಪತ್ತು ನಿಮಿಷದ ಒಂದು ಪಕ್ಕದಲ್ಲಿ ಮೊನೆ ನಡೆಯುವ ದಾರಿ ನಾನೂರು ಮೀಟರಿಗೂ ಮೇಲ್ಪಟ್ಟದ್ದು; ಅಷ್ಟು ದೂರ ಅದು ಗೋಡೆಯನ್ನು ಕೆರೆಯುತ್ತ ಹೋದರೆ, ಮುಂದೆ ಎಂಥ ಒಳ್ಳೆಯ ಯಂತ್ರ ತಂದರೂ ಆ ತಟ್ಟೆ ಗೊರಗೊರ ಎನ್ನುವುದು ತಪ್ಪದು.

ಉಳಿದವು ಕಿರಿಯ ವಿಷಯಗಳು. ತುದಿ ಬಾಗಿದ ತೋಳನ್ನು ತಟ್ಟೆ ತನ್ನ ನಡುವಿನ ಕಡೆಗೆ ಎಳೆಯುತ್ತದೆ. ಅದಕ್ಕೆ ಎದುರಾಗಿ ಹೊರಕ್ಕೆಳೆಯುವ ಸಣ್ಣ ಸ್ಪ್ರಿಂಗೋ ದಾರದ ಬೊಟ್ಟೋ ಇರುತ್ತದೆ. ಅದರ ಅಂಕಿಯನ್ನು ಭಾರದ ಅಂಕಿಗೆ ಸಮ ಮಾಡಿದರೆ ಹೆಚ್ಚಿನ ಮನೆಗಳಿಗೆ ಸಾಕು. ಗೆರೆಯಿಲ್ಲದ ನುಣುಪು ತಟ್ಟೆಯ ಮೇಲೆ ಮೊನೆಯಿಟ್ಟು ಪರೀಕ್ಷಿಸುವವರಿದ್ದಾರೆ. ನುಣುಪಿನ ಘರ್ಷಣೆಯೇ ಬೇರೆ, ಗೆರೆಯದೇ ಬೇರೆ, ಆ ಪರೀಕ್ಷೆಯಲ್ಲಿ ನನಗೆ ನಂಬಿಕೆಯಿಲ್ಲ. ತಟ್ಟೆ ಓಡುವಾಗ ತೋಳು ಪಕ್ಕದಿಂದ ನೋಡಿದರೆ ತಟ್ಟೆಗೆ ಸಮಾಂತರವಾಗಿರಲಿ. ಎದುರಿನಿಂದ ನೋಡುವಾಗ ಮೊನೆಯ ಕೆಳಗೆ ತೆಳುವಾದ ಕನ್ನಡಿಯಿಟ್ಟು, ಕಾರ್ಟ್ರಿಜ್ಜೂ ಅದರ ಪ್ರತಿಬಿಂಬವೂ ಒಂದೇ ನೆಟ್ಟಗೆರೆಯಲ್ಲಿ ನಿಂತಿವೆಯೇ ಎಂದು ನೋಡಬೇಕು. ವಾಲಿದ್ದರೆ ಎಡಬಲಗಳು ಕಲಸಿಹೋಗುತ್ತವೆ.

ವೇಗವನ್ನು ಪರೀಕ್ಷಿಸುವ ಪಟ್ಟೆಚಕ್ರದಲ್ಲೊಂದು ಸ್ವಾರಸ್ಯವಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತದ್ದು. ದೀಪ ಸೆಕೆಂಡಿಗೆ ನೂರು ಸಲ ಮಿಡಿಯುತ್ತದೆ. ಹಾಗಾಗಿ 33⅓ ಸುತ್ತಿಗೆ ಚಕ್ರದಲ್ಲಿ 180 ಪಟ್ಟೆಗಳಿದ್ದರೆ ಅವು ನಿಂತಂತೆ ಕಾಣುತ್ತವೆ. ಅಮೆರಿಕದಿಂದ ತರಿಸಿದ ಚಕ್ರದಲ್ಲಿ 216 ಪಟ್ಟೆಗಳಿರುತ್ತವೆ, ಅಲ್ಲಿಯ ವಿದ್ಯುತ್ತು ಅರವತ್ತು ಆವರ್ತದ್ದು. ನಮ್ಮ ದೀಪದಲ್ಲಿ ಅದು ಎಂದೂ ನಿಲ್ಲದು. ಇಂದಿನ ಎಲ್.ಇ.ಡಿ. ದೀಪಗಳಲ್ಲಿ ಅನೇಕವು ಮಿಡಿಯುವುದೇ ಇಲ್ಲವಾದ್ದರಿಂದ ಈ ಒಂದು ಪರೀಕ್ಷೆಗೆ ಹಳೆಯ ಗಾಜಿನ ಬುರುಡೆಯೇ ಬೇಕು.

ಇಷ್ಟೆಲ್ಲ ಮಾಡಿಟ್ಟ ಮೊನೆಗೆ ದೊಡ್ಡ ಶತ್ರು ಧೂಳು ಒರೆಸುವ ಬಟ್ಟೆ. ಅದರ ಒಂದು ನೂಲೆಳೆ ಕಡ್ಡಿಗೆ ಸಿಕ್ಕಿತೆಂದರೆ ವಜ್ರವೂ ಬಟ್ಟೆಯೊಡನೆ ಹೊರಟುಹೋಗುತ್ತದೆ. ಮನೆಕೆಲಸಕ್ಕೆ ಬರುವವರಿಗೆ ಅದನ್ನು ಮುಟ್ಟಬೇಡಿರೆಂದು ಹೇಳಿ, ಮುಚ್ಚಳ ಮುಚ್ಚಿಡಿ. ಮೊನೆಯನ್ನು ಬೆರಳಿನಿಂದ ಒರೆಸದೆ ಸಣ್ಣ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಸವರಬೇಕು. ವಜ್ರದ ಆಯುಸ್ಸು ಐನೂರರಿಂದ ಸಾವಿರ ಗಂಟೆ. ಹಾಲಿನ ಲೆಕ್ಕದಂತೆ ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ ಬಂದರೆ ಯಾವಾಗ ಬದಲಾಯಿಸಬೇಕೆಂಬ ಚಿಂತೆಯಿರದು.

ಕೊನೆಗೆ ಕೇಳಿ ನೋಡುವುದು. ಇದಕ್ಕೆ ತಟ್ಟೆಯ ಮೊದಲ ಹಾಡನ್ನು ಇಡಬೇಡಿ, ಅದು ಎಲ್ಲ ಯಂತ್ರಗಳಲ್ಲಿಯೂ ಚೆನ್ನಾಗಿಯೇ ಕೇಳಿಸುತ್ತದೆ. ಒಳ ಅಂಚಿನ ಕೊನೆಯ ಮೂರು ನಿಮಿಷವನ್ನು ಹಾಕಿ. ತಾರಷಡ್ಜದಲ್ಲಿ ದನಿ ಮುಳ್ಳುಮುಳ್ಳಾಗದೆ, 'ಸ'ಕಾರ 'ಶ'ಕಾರಗಳು ಬುಸುಗುಟ್ಟದೆ ನಿಂತರೆ ತಿರುಪುಗಳನ್ನು ಒಂದಾದ ಮೇಲೊಂದರಂತೆ ಕಾಲುಕಾಲು ಸುತ್ತು ಬಿಗಿಯಿರಿ. ಪ್ಲಾಸ್ಟಿಕ್ಕು ಸೀಳುವಷ್ಟು ಬೇಡ. ಬಿಗಿಯುವಾಗ ಕಾರ್ಟ್ರಿಜ್ ಸ್ವಲ್ಪವಾದರೂ ಸರಿದಿರುತ್ತದೆ, ಸರಿದರೆ ಭಾರವೂ ಬದಲಾಗುತ್ತದೆ. ಆದ್ದರಿಂದ ಹಾಳೆಯ ಎರಡು ಚುಕ್ಕೆಗಳನ್ನೂ ಮಾಪಕದ ಅಂಕಿಯನ್ನೂ ಇನ್ನೊಮ್ಮೆ ನೋಡಿ, ಆಮೇಲೆ ಟಾರ್ಚನ್ನು ಆರಿಸಬಹುದು.